ಬೀಗದ ಮೇಸ್ತ್ರಿಯ ಮಗಳು ಕಾನೂನು ಓದಿದ್ದು

ಮನೆಯಲ್ಲಿ ಅವಳನ್ನು ಪತ್ತೇದಾರಿ ಎಂದು ಕರೆಯುತ್ತಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದುಕೊಂಡವಳು ಅವಳೊಬ್ಬಳೇ. ಸಣ್ಣವಳಿದ್ದಾಗ ಹಾಲಿನವನು ಬಂದು ಹೋದರೆ ಪಾತ್ರೆಗೆ ಬಗ್ಗಿ ನೀರೆಷ್ಟು ಹಾಲೆಷ್ಟು ಎಂದು ನೋಡುತ್ತಿದ್ದಳು. ಅತ್ತೆ ಬಂದು ಅಕ್ಕರೆಯಿಂದ ಕೆನ್ನೆ ಹಿಂಡಿದರೆ, ಇವರಿಗೆ ನಮ್ಮಿಂದ ಏನು ಬೇಕಾಗಿದೆ ಎಂದು ಅಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳುತ್ತಿದ್ದಳು. ಕಷ್ಟವೆಂದರೆ ಅತ್ತೆಗೆ ನಿಜವಾಗಿಯೂ ಏನೋ ಬೇಕಾಗಿರುತ್ತಿತ್ತು. ಹೀಗೆ ಒಂದೆರಡು ಸಲ ಊಹೆ ಸರಿಯಾದದ್ದೇ ಅವಳನ್ನು ಕೆಡಿಸಿತು.

ಅಪ್ಪನದು ಬೀಗದ ಕೆಲಸ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಗೂಡಿನಲ್ಲಿ ಅವನ ಅಂಗಡಿ. ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಗಳು, ಮೂಲೆಯಲ್ಲಿ ಅರ ತಿಕ್ಕಿ ತಿಕ್ಕಿ ಬಿದ್ದ ಹಿತ್ತಾಳೆಯ ಪುಡಿ. ಜನ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಂಡುಮಕ್ಕಳಿಲ್ಲದ ಮೇಸ್ತ್ರಿ ಮಗಳಿಗೇ ಕೆಲಸ ಕಲಿಸಿದ. ಓದು ಬರಹ ನೆಟ್ಟಗೆ ಬರುವ ಮೊದಲೇ ಅವಳಿಗೆ ಕೊಕ್ಕೆ ತಂತಿ ಹಾಕಿ ಬೀಗ ತೆಗೆಯುವುದು ಬಂದಿತ್ತು. ಅವಳ ಕೈ ಅಪ್ಪನ ಕೈಗಿಂತ ಹಗುರ ಎಂದು ಅಪ್ಪನೇ ಹೇಳುತ್ತಿದ್ದ, ಅವಳ ಎದುರಿಗಲ್ಲ.

ಕಾಲೇಜು ಮುಗಿಸಿದ ಮೇಲೆ ಕೆಲವು ವರ್ಷ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದಳು. ಕೈಗೆ ಬಂದ ಕಾಗದವನ್ನೆಲ್ಲ ಓದದೆ ಬಿಡುತ್ತಿರಲಿಲ್ಲ. ಗಂಡ ಹೆಂಡತಿಯ ಮೇಲೆ ಬರೆದದ್ದು, ತಮ್ಮ ಅಣ್ಣನ ಮೇಲೆ ಬರೆದದ್ದು, ಇಬ್ಬರೂ ದೇವರಾಣೆಗೂ ನಿಜ ಎಂದು ಸಹಿ ಹಾಕಿದ್ದು. ಲೋಕದ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಆ ಯಂತ್ರದ ಬಿಸಿಗೆ ಆವಿಯಾಯಿತು. ಆಗಲೇ ವಿಶ್ವವಿದ್ಯಾಲಯದಲ್ಲಿ ಸಂಜೆ ತರಗತಿಗಳಿವೆ, ಕಾನೂನಿನ ಸಮಾಜಶಾಸ್ತ್ರ ಎಂಬ ವಿಷಯವಿದೆ ಎಂದು ಗೊತ್ತಾಗಿ ಅರ್ಜಿ ಹಾಕಿದಳು.

ಈ ವಿಷಯವನ್ನು ನೆಂಟರಿಗೆ ತಿಳಿಸಿ ಹೇಳುವುದೇ ಒಂದು ಪರೀಕ್ಷೆಯಾಯಿತು. ಸೋದರಮಾವ ಊಟಕ್ಕೆ ಬಂದವನು ಕೇಳಿದ, "ಅಂದ್ರೆ ಲಾಯರ್ ಆಗ್ತೀಯ?"

"ಇಲ್ಲ ಮಾವ."

"ಮತ್ತೆ ಕೇಸು ಗೆಲ್ಲಿಸೋಕೆ ಬರಲ್ಲ?"

"ಬರಲ್ಲ. ಜನ ಕಾನೂನನ್ನ ಏನು ಮಾಡ್ತಾರೆ, ಕಾನೂನು ಜನರನ್ನ ಏನು ಮಾಡುತ್ತೆ, ಅದನ್ನ ನೋಡೋದು."

ಮಾವ ತುತ್ತು ನುಂಗಿದ. "ಅದನ್ನ ನಾವು ಪುಕ್ಕಟೆ ನೋಡ್ತಾನೇ ಇದ್ದೀವಲ್ಲಮ್ಮ," ಎಂದ. ಅಪ್ಪ ನಗಲಿಲ್ಲ. ತಟ್ಟೆಯ ಮೇಲೆಯೇ ಕಣ್ಣಿಟ್ಟು, "ಯಾರನ್ನ ನೋಡೋದಂತೆ?" ಎಂದು ಕೇಳಿದ. ಆ ಪ್ರಶ್ನೆ ಕೇಳಿದ ರೀತಿ ಅವಳಿಗೆ ಹಿಡಿಸಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ತರಗತಿಯಲ್ಲಿ ಪಾಠ ಮಾಡುತ್ತಿದ್ದ ಮೇಡಂ ಸಣ್ಣ ದನಿಯ ಹೆಂಗಸು. ಮೊದಲ ದಿನವೇ ಹೇಳಿದರು: ಪುಸ್ತಕದಲ್ಲಿ ಏನು ಬರೆದಿದೆ ಅನ್ನೋದು ಆಮೇಲೆ ನೋಡೋಣ, ಮೊದಲು ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರ ಮುಖ ನೋಡ್ತಾರೆ, ಯಾವಾಗ ನೋಡಲ್ಲ, ಅದನ್ನ ನೋಡಿ. ನಮ್ಮ ಪತ್ತೇದಾರಿಗೆ ತಾನು ಹುಟ್ಟಿದ್ದೇ ಈ ವಿದ್ಯೆಗೆ ಎನ್ನಿಸಿಬಿಟ್ಟಿತು. ಇಷ್ಟು ದಿನ ಮನೆಯಲ್ಲಿ ಬೈಸಿಕೊಂಡ ಚಾಳಿಗೆ ಇಲ್ಲಿ ಅಂಕ ಕೊಡುತ್ತಾರಲ್ಲ. ಮೇಡಂ ಇನ್ನೊಂದು ಮಾತನ್ನೂ ಹೇಳಿದ್ದರು, ನೋಡೋದು ಮುಗಿಯೋ ಮೊದಲೇ ತೀರ್ಮಾನ ಮಾಡಬೇಡಿ ಎಂದು. ಅದು ಅವಳ ಕಿವಿಗೆ ಬಿದ್ದಂತಿರಲಿಲ್ಲ.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಕಡೆ ಹೋಗಿ ಕಾನೂನು ನಡೆಯುವುದನ್ನು ಕಣ್ಣಾರೆ ನೋಡಿ ಪ್ರಬಂಧ ಬರೆಯಬೇಕಿತ್ತು. ಅವಳಿಗೆ ಹುಡುಕುವ ಕೆಲಸವೇ ಇರಲಿಲ್ಲ. ಬಾಡಿಗೆದಾರರನ್ನು ಬಿಡಿಸಲು ಕೋರ್ಟು ಆದೇಶ ಕೊಟ್ಟಾಗ ಅದನ್ನು ಜಾರಿ ಮಾಡಲು ಅಮೀನ ಹೋಗುತ್ತಾನೆ. ಅವನ ಜೊತೆ ಮನೆಯ ಮಾಲೀಕ, ಇಬ್ಬರು ಪೊಲೀಸರು, ಮತ್ತು ಬೀಗ ಒಡೆಯಲು ಒಬ್ಬ ಮೇಸ್ತ್ರಿ. ಆ ಮೇಸ್ತ್ರಿ ಅವಳ ಅಪ್ಪ. ಹಳೆಯ ಬೀಗ ತೆಗೆದು, ಹೊಸದು ಹಾಕಿ, ಕೀಲಿಯನ್ನು ಮಾಲೀಕನ ಕೈಗೆ ಕೊಟ್ಟರೆ ಅವನ ಕೆಲಸ ಮುಗಿಯಿತು. ವರ್ಷಗಟ್ಟಲೆ ಅವನು ಇದನ್ನು ಮಾಡುತ್ತ ಬಂದಿದ್ದರೂ ಮನೆಯಲ್ಲಿ ಆ ಬಗ್ಗೆ ತುಟಿ ಪಿಟ್ಟೆನ್ನುತ್ತಿರಲಿಲ್ಲ.

"ನಾನೂ ಬರ್ತೀನಿ, ಚೀಲ ಹಿಡ್ಕೊಂಡು ನಿಂತಿರ್ತೀನಿ," ಎಂದಳು.

"ನೋಡೋಕೆ ಏನಿದೆ ಅಲ್ಲಿ? ಬಾಗಿಲು, ಬೀಗ."

"ಅದನ್ನೇ ನೋಡ್ತೀನಿ."

ಅಮ್ಮ ಮಧ್ಯೆ ಬಂದು, "ಕರ್ಕೊಂಡು ಹೋಗಿ, ಇಲ್ಲಾಂದ್ರೆ ಹಿಂದಿಂದೆ ಬರ್ತಾಳೆ," ಎಂದಳು. ಹೆತ್ತವಳಿಗೆ ಗೊತ್ತಿಲ್ಲದ್ದು ಏನಿರುತ್ತದೆ?

ಅಮೀನ ದಪ್ಪ ಮೀಸೆಯ, ಮಂಡಿನೋವಿನ ಮನುಷ್ಯ. ಮೆಟ್ಟಿಲು ಹತ್ತುವಾಗಲೆಲ್ಲ ಮಾಲೀಕರನ್ನು ಶಪಿಸುತ್ತಿದ್ದ. ಮೊದಲ ಮನೆಗೆ ಹೋದಾಗ ಅವಳು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಅಳು, ಕೂಗಾಟ, ಕೈಕಾಲು ಹಿಡಿಯುವುದು, ಎಲ್ಲವನ್ನೂ ಬರೆದುಕೊಳ್ಳಲು ತಯಾರಾಗಿದ್ದಳು. ಅಪ್ಪ ಬಾಗಿಲಿಗೆ ಬೆನ್ನು ಬಗ್ಗಿಸಿ, ಚೀಲದೊಳಗೆ ಕೈ ಹಾಕಿ ಟಣಟಣ ಸದ್ದು ಮಾಡಿ, ಏನೋ ತಿರುಗಿಸಿದ. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ನೆಲ ಗುಡಿಸಿತ್ತು. ಅಮೀನ ಕಾಗದಕ್ಕೆ ಸಹಿ ಹಾಕಿಸಿಕೊಂಡು ಚಹಾ ಕುಡಿಯಲು ಹೊರಟ.

ಎರಡನೆಯ ಮನೆಯೂ ಖಾಲಿ. ಮೂರನೆಯದೂ ಖಾಲಿ, ಅಲ್ಲಿ ನಲ್ಲಿ, ಬಲ್ಬುಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಮಾಲೀಕ ಬಾಯಿಗೆ ಬಂದಂತೆ ಬಯ್ದ. ಅವಳ ತಲೆಯೊಳಗೆ ಗಂಟೆ ಹೊಡೆಯತೊಡಗಿತು. ಯಾವ ದಿನ ಬರುತ್ತಾರೆಂದು ಬಾಡಿಗೆದಾರರಿಗೆ ಹೇಳುವಂತಿಲ್ಲ. ಮೊದಲೇ ಗೊತ್ತಾದರೆ ಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆ, ಇಲ್ಲವೇ ಬಾಗಿಲಿಗೆ ಅಡ್ಡ ಮಲಗುತ್ತಾರೆ. ದಿನ ಗೊತ್ತಿರುವುದು ಅಮೀನನಿಗೆ, ಮಾಲೀಕನಿಗೆ, ಠಾಣೆಗೆ ಮತ್ತು ಮೇಸ್ತ್ರಿಗೆ. ಮಾಲೀಕ ಹೇಳುವುದಿಲ್ಲ. ಪೊಲೀಸರು ಪ್ರತಿಸಲವೂ ಬೇರೆ ಬೇರೆ. ಅಮೀನನ ಮೇಲೆ ಅವಳ ಕಣ್ಣು ಹೋಯಿತು. ಆಮೇಲೆ, ಇಷ್ಟವಿಲ್ಲದಿದ್ದರೂ, ಅಪ್ಪನ ಮೇಲೆ ಹೋಯಿತು.

ಅಪ್ಪ ಜಾರಿಯ ಹಿಂದಿನ ಸಂಜೆ ಅಂಗಡಿ ಬೇಗ ಮುಚ್ಚುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲ ಬಿಟ್ಟು, ಬರಿಗೈಯಲ್ಲಿ ಹೊರಡುತ್ತಿದ್ದ. ಕೇಳಿದರೆ "ಸ್ವಲ್ಪ ಓಡಾಡ್ಕೊಂಡು ಬರ್ತೀನಿ" ಅನ್ನುತ್ತಿದ್ದ. ಇದನ್ನು ಅಮ್ಮನ ಹತ್ತಿರ ಎತ್ತಿದಾಗ ಅಮ್ಮ ಮಡಿಸುತ್ತಿದ್ದ ಬಟ್ಟೆ ಕೆಳಗಿಡಲಿಲ್ಲ. "ಬೇರೆ ಹೆಂಗಸು ಅಂತೀಯ? ಈ ವಯಸ್ಸಲ್ಲಿ, ಆ ಗೊರಕೆಗೆ, ಯಾರು ಸಿಗ್ತಾರೆ ಇವರಿಗೆ? ಸಿಕ್ಕಿದ್ರೆ ಹೇಳು, ನನಗೂ ನಿದ್ದೆ ಬರ್ಲಿ."

ಮುಂದಿನ ಸಲ ಅವಳು ಅಪ್ಪನ ಹಿಂದೆ ಹೋದಳು. ದಾರಿಯ ಆಚೆ ಬದಿಯಲ್ಲಿ, ಬಸ್ಸು ಕಾಯುವವರ ಮರೆಯಲ್ಲಿ, ತಲೆಗೆ ದುಪಟ್ಟಾ ಹೊದ್ದುಕೊಂಡು ನಡೆದಳು. ಸ್ವಂತ ಅಪ್ಪನನ್ನು ಹಿಂಬಾಲಿಸುತ್ತಿದ್ದೇನೆ ಎಂದು ನಾಚಿಕೆಯಾಯಿತು, ಆದರೆ ಕಾಲು ನಿಲ್ಲಲಿಲ್ಲ. ಅಪ್ಪ ಒಂದು ವಠಾರದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಇವಳು ಕೆಳಗೆ, ಮೀಟರುಗಳ ಪಕ್ಕದಲ್ಲಿ ನಿಂತು ಕತ್ತೆತ್ತಿ ನೋಡಿದಳು. ಬಾಗಿಲು ತೆರೆದದ್ದು ಒಬ್ಬ ನಡುವಯಸ್ಸಿನ ಹೆಂಗಸು.

"ಬೀಗ ನೋಡೋಕೆ ಬಂದೆ ಅಮ್ಮ," ಎಂದ ಅಪ್ಪ. "ಯಾವ ತರದ್ದು ಅಂತ."

ಹೆಂಗಸು ಚೌಕಟ್ಟು ಹಿಡಿದುಕೊಂಡಳು. ಅಪ್ಪ ಬಗ್ಗಿ ಬೀಗ ನೋಡಿದಂತೆ ಮಾಡಿ, "ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ," ಎಂದ. ಅಷ್ಟೇ ಮಾತು. ಹೆಂಗಸು ಒಳಗೆ ಹೋಗಿ ಬಂದು ಅವನ ಕೈಯಲ್ಲಿ ಏನೋ ಇಟ್ಟಳು. ಅಪ್ಪ ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಇಳಿದು ಬಂದ. ಮಗಳು ಮೀಟರುಗಳ ಮರೆಗೆ ಸರಿದುಕೊಂಡಳು. ಮರುದಿನ ಆ ಮನೆಯೂ ಖಾಲಿಯಾಗಿತ್ತು.

ಇನ್ನೇನು ಬೇಕು? ಹೊಗೆ ಕಂಡಾಗಿತ್ತು, ಬೆಂಕಿಯನ್ನೂ ನೋಡಿಯಾಗಿತ್ತು ಎಂದುಕೊಂಡಳು. ಅಪ್ಪನನ್ನು ಕೇಳಬಹುದಿತ್ತು. ಒಂದೇ ಮನೆಯಲ್ಲಿ ಇದ್ದಾನೆ, ಒಂದೇ ಪಾತ್ರೆಯ ಅನ್ನ ತಿನ್ನುತ್ತಾನೆ. ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಅದರ ಬದಲು ತರಗತಿಯಲ್ಲಿ ಪ್ರಬಂಧ ಓದುವ ಸರದಿ ಬಂದಾಗ ಎದ್ದು ನಿಂತು ಓದಿದಳು.

ಹೆಸರು ಹೇಳಬಾರದೆಂಬ ನಿಯಮ ಅವಳಿಗೆ ಗೊತ್ತಿತ್ತು. 'ಬೀಗ ತೆಗೆಯುವ ವ್ಯಕ್ತಿ' ಎಂದು ಬರೆದಿದ್ದಳು. ಆದರೆ ಅವನ ಇಸ್ತ್ರಿ ಅಂಗಿ, ಬರಿಗೈ, ಬೀಗ ನೋಡೋಕೆ ಬಂದೆ ಎನ್ನುವ ಮಾತು, ಮಂಡಿನೋವಿನ ಅಮೀನ, ಬಿಚ್ಚಿಕೊಂಡು ಹೋದ ನಲ್ಲಿ, ಎಲ್ಲವನ್ನೂ ಬರೆದಿದ್ದಳು. ಹೆಸರೊಂದನ್ನು ಮುಚ್ಚಿ ಮೂಗು, ಬಾಯಿ, ನಡಿಗೆಯನ್ನೆಲ್ಲ ಬಿಡಿಸಿಟ್ಟಿದ್ದಳು. ಬಾಡಿಗೆದಾರರಿಗೆ ಮೊದಲೇ ಸುಳಿವು ಕೊಟ್ಟು ಲಂಚ ಪಡೆಯುವ ವ್ಯವಸ್ಥೆ ಇದು ಎಂದು ಮುಗಿಸಿದಳು. ಅವಳಿಗೆ ಹೆಮ್ಮೆಯಾಯಿತು.

ಮೇಡಂ ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೇಳಿದರು, "ಕೈಯಲ್ಲಿ ಇಟ್ಟಿದ್ದು ದುಡ್ಡು ಅಂತ ನೋಡಿದ್ರಾ?"

"ಮತ್ತೇನು ಇರುತ್ತೆ ಮೇಡಂ?"

"ನಾನು ಕೇಳಿದ್ದು ನೋಡಿದ್ರಾ ಅಂತ."

ಹಿಂದಿನ ಬೆಂಚಿನಲ್ಲಿ ಒಬ್ಬ ವಕೀಲ ಕೂರುತ್ತಿದ್ದ. ಹಗಲು ಕೋರ್ಟು, ಸಂಜೆ ತರಗತಿ. ಮನೆ ಮಾಲೀಕರ ಪರ ವಾದ ಮಾಡುವುದೇ ಅವನ ಕಸುಬು. ಅವನು ತರಗತಿ ಮುಗಿದ ಮೇಲೆ ಬಂದು ತುಂಬ ಮರ್ಯಾದೆಯಿಂದ, "ಚೆನ್ನಾಗಿ ನೋಡಿದ್ದೀರಿ. ಇದು ಯಾವ ಕೋರ್ಟು?" ಎಂದ. ಅವಳು ಹೇಳುವುದಿಲ್ಲ ಎಂದಳು. "ಹೇಳಬೇಡಿ, ಹೇಳಬೇಡಿ," ಎಂದು ಅವನು ನಕ್ಕ. ಅವಳು ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದವಳು, ಹೊಗಳಿದ ಎಂಬ ಒಂದೇ ಕಾರಣಕ್ಕೆ ಅವನೊಬ್ಬನನ್ನು ಅನುಮಾನಿಸಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಅಪ್ಪ ಮುಖ ಗಂಟು ಹಾಕಿಕೊಂಡು ಮನೆಗೆ ಬಂದ. ಕೈಕಾಲು ತೊಳೆದು ಮಗಳ ಎದುರು ಕುಳಿತ. "ಅಮೀನ ಇವತ್ತು ಅಂಗಡಿಗೆ ಬಂದಿದ್ದ. ಇನ್ಮೇಲೆ ನನಗೆ ಮೊದಲೇ ಮನೆ ಯಾವುದು ಅಂತ ಹೇಳಲ್ಲವಂತೆ. ಬೆಳಿಗ್ಗೆ ಗಾಡಿ ಬರುತ್ತಂತೆ, ಹತ್ತಬೇಕಂತೆ. ಮೇಲಿಂದ ಆದೇಶ. ಯಾರೋ ಲಾಯರ್ ಹೋಗಿ ಹೇಳಿದಾನೆ. ನಿನ್ನ ಜೊತೆ ಓದೋನಂತೆ." ಅವನ ದನಿ ಏರಲಿಲ್ಲ. "ಏನು ಹೇಳಿದೆ ನನ್ನ ಬಗ್ಗೆ?"

ಅವಳ ಕಿವಿ ಬಿಸಿಯಾಯಿತು. ಆದರೂ ಸೋಲಲಿಲ್ಲ. "ಆ ಹೆಂಗಸು ನಿನ್ನ ಕೈಗೆ ಏನು ಕೊಟ್ಟಳು?"

ಅಪ್ಪ ಅವಳನ್ನು ಹೊಸಬರನ್ನು ನೋಡುವಂತೆ ನೋಡಿದ. "ಹಿಂದೆ ಬಂದಿದ್ದೆಯಾ?"

"ಏನು ಕೊಟ್ಟಳು?"

"ಕೀಲಿ."

ಅಮ್ಮ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಹೇಳಿದ. ಮೊದಮೊದಲು ಬಾಗಿಲ ಆಚೆ ಜನ ಇರುತ್ತಿದ್ದರು, ಅಳುತ್ತಿದ್ದರು. ಅಳು ಕೇಳಿದರೆ ಅವನ ಕೈ ನಡುಗುತ್ತಿತ್ತು, ತಂತಿ ನಿಲ್ಲುತ್ತಿರಲಿಲ್ಲ. ಒಂದು ಸಲ ಬೀಗ ತೆಗೆಯಲಾಗದೆ ಅಮೀನ ಹಾರೆಯಿಂದ ಬಾಗಿಲು ಒಡೆಸಿದ, ಮಾಲೀಕ ಬಾಗಿಲಿನ ದುಡ್ಡು ಮೇಸ್ತ್ರಿಯ ಹತ್ತಿರ ಕೇಳಿದ. ಅವತ್ತಿನಿಂದ ಹಿಂದಿನ ಸಂಜೆ ಹೋಗಿ ಬೀಗ ನೋಡುವುದು ಶುರುವಾಯಿತು. ಅವರು ಅರ್ಥ ಮಾಡಿಕೊಂಡು ಹೊರಡುತ್ತಿದ್ದರು, ಇನ್ನೊಂದು ಕೀಲಿ ಅವನ ಕೈಗೆ ಕೊಡುತ್ತಿದ್ದರು. ಬೆಳಿಗ್ಗೆ ಅವನು ಚೀಲ ಅಲ್ಲಾಡಿಸಿ, ಬೆನ್ನು ಮರೆ ಮಾಡಿ, ಅದೇ ಕೀಲಿಯಿಂದ ತೆಗೆಯುತ್ತಿದ್ದ. ಅಮೀನನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಗೋಡೆ ನೋಡುತ್ತಿದ್ದ. ಊಟದ ಹೊತ್ತಿಗೆ ಕೆಲಸ ಮುಗಿದರೆ ಅವನ ಮಂಡಿಗೂ ಒಳ್ಳೆಯದು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ನಡೆಯುತ್ತಿತ್ತು.

"ದುಡ್ಡು ತಗೊಳ್ಳಲೇ ಇಲ್ವಾ? ಒಂದು ಸಲವೂ?"

"ಒಬ್ಬ ಫ್ಯಾನು ಕೊಟ್ಟ. ಹೊತ್ಕೊಂಡು ಹೋಗೋಕಾಗಲ್ಲ, ನೀವೇ ಇಟ್ಕೊಳ್ಳಿ ಅಂದ. ತಗೊಂಡೆ." ಅಪ್ಪ ತಲೆಯ ಮೇಲೆ ಬೆರಳು ತೋರಿಸಿದ. "ಅದರ ಗಾಳಿಗೇ ನೀನು ಓದಿದ್ದು."

ಅವಳು ಮೇಲೆ ನೋಡಲಿಲ್ಲ. ನಿಜ ಹೇಳಬೇಕೆಂದರೆ, ಆಗಲೂ ಪೂರ್ತಿ ನಂಬಲಿಲ್ಲ. ಫ್ಯಾನು ತೆಗೆದುಕೊಂಡವನು ಇನ್ನೇನು ತೆಗೆದುಕೊಂಡಿರಬಹುದು ಎಂದು ಅವಳ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಲೇ ಇತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. "ಲಾಯರಿಗೆ ನಾನು ಹೇಳಿಲ್ಲ," ಎಂದಳು.

"ಹೇಳಿಲ್ಲ ಬಿಡು. ಅವನಿಗೆ ತಿಳೀತು," ಎಂದು ಅಪ್ಪ ಎದ್ದು ಹೋದ.

ಕೆಲವು ದಿನಗಳ ನಂತರ ಬೆಳಿಗ್ಗೆ ಗಾಡಿ ಬಂತು. ಅಪ್ಪ ಇನ್ನೂ ಹಲ್ಲುಜ್ಜುತ್ತಿದ್ದ. ಚೀಲ ಹುಡುಕಿ ಹೊರಡುವಷ್ಟರಲ್ಲಿ ಅವಳೂ ಚಪ್ಪಲಿ ಮೆಟ್ಟಿ ನಿಂತಿದ್ದಳು. ಅಪ್ಪ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗಾಡಿಯಲ್ಲಿ ಅಮೀನ ಅವಳ ಕಡೆ ಒಮ್ಮೆ ನೋಡಿ, ಮಂಡಿ ನೀವಿಕೊಳ್ಳುತ್ತ ಕಿಟಕಿಯತ್ತ ಮುಖ ತಿರುಗಿಸಿದ.

ಎರಡನೆಯ ಮಹಡಿ, ಉದ್ದ ಪಡಸಾಲೆಯ ಕೊನೆಯ ಬಾಗಿಲು. ಒಳಗೆ ರೇಡಿಯೋ ಹಾಡುತ್ತಿತ್ತು, ನೀರು ಸುರಿಯುವ ಸದ್ದು ಬರುತ್ತಿತ್ತು. ಅಮೀನ ಬಾಗಿಲು ತಟ್ಟಿ ಕೋರ್ಟಿನ ಹೆಸರು ಹೇಳಿದ. ನೀರು ನಿಂತಿತು.

"ಸ್ನಾನ ಮಾಡ್ತಿದ್ದೀನಿ," ಎಂದಿತು ಒಳಗಿನಿಂದ ಗಂಡು ದನಿ. ಸ್ವಲ್ಪ ತಡೆದು, "ಬಟ್ಟೆ ಹಾಕ್ಕೊಳ್ತೀನಿ, ಇರಿ," ಎಂದಿತು. ಆಮೇಲೆ ಒಳಗೆ ಏನೇನೋ ಎಳೆದಾಡುವ ಸದ್ದು, ಮೇಜಿನ ಮೇಲೆ ಸಣ್ಣ ಸಣ್ಣ ಲೋಹದ ಕಿಣಿಕಿಣಿ. ಬಾಗಿಲು ತೆರೆಯಲಿಲ್ಲ.

"ತೆಗಿ ಮೇಸ್ತ್ರಿ," ಎಂದ ಅಮೀನ.

ಅಪ್ಪ ಬಗ್ಗಿದ. ಚೀಲದಿಂದ ಬಹಳ ದಿನಗಳ ಮೇಲೆ ನಿಜವಾದ ತಂತಿ ಹೊರಬಂತು. ಅದರ ತುದಿ ಬಾಗಿಲಲ್ಲೇ ಕೂರಿಸಿದ ಬೀಗದ ಬಾಯಿ ಸುತ್ತ ತಡಕಾಡಿತು, ಒಳಗೆ ಹೋಗಿ ಜಾರಿತು, ಮತ್ತೆ ಹೋಗಿ ಮತ್ತೆ ಜಾರಿತು. ಅವನ ಕುತ್ತಿಗೆಯ ಹಿಂದೆ ಬೆವರು ಸಾಲುಗಟ್ಟಿತು. ಒಳಗಿನ ದನಿ, "ಒಂದು ನಿಮಿಷ ಕೊಡಿ, ಬಿಚ್ಚಿಟ್ಟಿದ್ದೀನಿ ಎಲ್ಲ, ಒಂದು ನಿಮಿಷ," ಎನ್ನುತ್ತಿತ್ತು. ಅವಳು ಅಪ್ಪನ ಕೈ ನೋಡಿದಳು. ಎಲೆಯಂತೆ ಅದುರುತ್ತಿತ್ತು. ಆಗ, ಆ ಕ್ಷಣದಲ್ಲಿ, ಅಪ್ಪ ಹೇಳಿದ್ದೆಲ್ಲ ನಿಜ ಎಂದು ಅವಳಿಗೆ ಎದೆಯಲ್ಲಿ ಚುಚ್ಚಿದಂತೆ ಗೊತ್ತಾಯಿತು.

ಮಾಲೀಕ ತಾಳ್ಮೆಗೆಟ್ಟು, "ಹಾರೆ ತಗೊಂಡು ಬನ್ನಿ," ಎಂದ. ಪೊಲೀಸನೊಬ್ಬ ಕೆಳಗಿಳಿದು ಹೋದ. ಬಾಗಿಲು ಒಡೆದು ನುಗ್ಗಿದರೆ ಒಳಗಿನವನ ಗತಿ ಏನೆಂದು ಅವಳಿಗೆ ತಿಳಿಯಿತು. ಅಪ್ಪನ ಪಕ್ಕದಲ್ಲಿ ಮಂಡಿಯೂರಿ, ಅವನ ಬೆರಳುಗಳಿಂದ ತಂತಿ ಬಿಡಿಸಿಕೊಂಡಳು. ಅವಳ ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಬೀಗ ಕಟಕ್ ಎಂದಿತು.

ಒಳಗೆ ನಿಂತಿದ್ದವನು ಗಡಿಯಾರ ರಿಪೇರಿಯವನು. ತಲೆಯಿಂದ ನೀರು ಸುರಿಯುತ್ತಿತ್ತು, ಅಂಗಿಯ ಗುಂಡಿ ಏರುಪೇರಾಗಿತ್ತು. ಕಿಟಕಿಯ ಬಳಿ ಮೇಜಿನ ಮೇಲೆ ಬಿಚ್ಚಿಟ್ಟ ಊರವರ ಗಡಿಯಾರಗಳು, ಪ್ರತಿಯೊಂದರ ಹಲ್ಲುಚಕ್ರ, ಮುಳ್ಳು, ಮೊಳೆಗಳು ಬೇರೆ ಬೇರೆ ಬಟ್ಟಲುಗಳಲ್ಲಿ. ಅವನು ಎರಡು ಕೈಯಲ್ಲೂ ಬಟ್ಟಲು ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಹಾರೆ ತಂದ ಪೊಲೀಸ ಅದನ್ನು ಗೋಡೆಗೆ ಒರಗಿಸಿ, ಗೋಣಿಚೀಲ ಬಿಡಿಸಿ, ಮೇಜಿನ ಮೇಲಿದ್ದುದನ್ನು ತೋಳಿನಿಂದ ಬಳಿದ. ಮೇಜಿನ ಬಟ್ಟಲುಗಳೆಲ್ಲ ಒಂದೇ ಚೀಲಕ್ಕೆ ಸುರಿದವು. ಯಾವ ಮುಳ್ಳು ಯಾವ ಗಡಿಯಾರದ್ದೆಂದು ಇನ್ನು ಬ್ರಹ್ಮ ಬಂದರೂ ಹೇಳಲಾರ.

ಗಡಿಯಾರದವನು ಪೊಲೀಸನನ್ನು ತಡೆಯಲಿಲ್ಲ, ಅಮೀನನನ್ನು ಬೇಡಿಕೊಳ್ಳಲಿಲ್ಲ. ನೇರ ಮೇಸ್ತ್ರಿಯ ಮುಖ ನೋಡಿದ.

"ನೀವು ನಿನ್ನೆ ಬರ್ಲಿಲ್ಲ," ಎಂದ. "ಮೇಸ್ತ್ರಿ ಬರ್ಲಿಲ್ಲ ಅಂದ್ರೆ ನಾಳೆ ಏನೂ ಆಗಲ್ಲ, ನಿಶ್ಚಿಂತೆಯಾಗಿರು ಅಂತ ಎಲ್ಲರೂ ಹೇಳಿದ್ರು. ಸಂಜೆಯೆಲ್ಲ ಬಾಗಿಲು ನೋಡ್ತಾ ಕೂತಿದ್ದೆ. ಬರ್ಲಿಲ್ಲ ಅಂತ ನೆಮ್ಮದಿಯಾಗಿ ಇದನ್ನೆಲ್ಲ ಬಿಚ್ಚಿದೆ."

ಅಪ್ಪ ಬಗ್ಗಿ ಚೀಲ ಎತ್ತಿಕೊಂಡ. ಗಡಿಯಾರದವನ ಕಣ್ಣು ಮೇಸ್ತ್ರಿಯಿಂದ ಮಾಲೀಕನ ಕಡೆ ಹೋಗಿ, ಮತ್ತೆ ಮೇಸ್ತ್ರಿಯ ಕಡೆ ಬಂತು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನಗೆ ಹೇಳದೆ ಇರೋಕೆ ಇವರು ನಿಮಗೇನು ಕೊಟ್ರು ಮೇಸ್ತ್ರಿ?"

"ಏನೂ ಕೊಟ್ಟಿಲ್ಲ," ಎಂದಳು ಅವಳು ಎದ್ದು ನಿಂತು. "ಅಪ್ಪನಿಗೆ ಮನೆ ಯಾವುದಂತಾನೇ ಗೊತ್ತಿರಲಿಲ್ಲ. ತಪ್ಪು ನಂದು. ನಾನು ಇವರ ಮಗಳು, ಯೂನಿವರ್ಸಿಟಿಲಿ ಕಾನೂನಿನ ಸಮಾಜಶಾಸ್ತ್ರ ಓದ್ತಿದ್ದೀನಿ. ಇವರು ಮೊದಲೇ ಬಂದು ಹೇಳ್ತಾರೆ ಅಂತ ಅಲ್ಲಿ ನಾನು ಓದಿ ಹೇಳಿದೆ. ಅದಕ್ಕೆ ಇವರಿಗೆ ಹೇಳೋದು ನಿಲ್ಲಿಸಿದ್ರು."

ಅವನು ಪೂರ್ತಿ ಕೇಳಿಸಿಕೊಂಡ. ಅವಳ ಮುಖ ನೋಡಿದ, ಕೈಯಲ್ಲಿದ್ದ ತಂತಿ ನೋಡಿದ, ತೆರೆದ ಬೀಗ ನೋಡಿದ. ತನ್ನ ಕೈಯಲ್ಲಿ ಉಳಿದಿದ್ದ ಬಟ್ಟಲುಗಳನ್ನು ನಿಧಾನವಾಗಿ ಖಾಲಿ ಮೇಜಿನ ಮೇಲಿಟ್ಟ.

"ಮಗಳಿಗೂ ಚೆನ್ನಾಗಿ ಕಲಿಸಿದ್ದೀರಿ," ಎಂದು ಅಪ್ಪನಿಗೆ ಹೇಳಿದ.

ಅವನು ಒಂದು ಮಾತನ್ನೂ ನಂಬಿರಲಿಲ್ಲ. ಅವನ ಜಾಗದಲ್ಲಿ ನಿಂತಿದ್ದರೆ ಅವಳೂ ನಂಬುತ್ತಿರಲಿಲ್ಲ.